ಊದಿ ಕೂರುವವರು

ಕೂರುವ ಮುನ್ನ ಊದುವುದು ನನ್ನ ಹಳೆಯ ಚಟ. ಕುರ್ಚಿಯಾಗಲಿ, ಮಣೆಯಾಗಲಿ, ಬಸ್ಸಿನ ಸೀಟಾಗಲಿ, ಮೊದಲು ಬಗ್ಗಿ ಉಫ್ ಎಂದು ಊದಬೇಕು, ಸೆರಗಿನಿಂದ ಝಾಡಿಸಬೇಕು, ಆಮೇಲೆ ಕೂರಬೇಕು. ಈಚೆಗೆ ದಾವಣಗೆರೆಯ ಬೀಗರ ಮನೆಯಲ್ಲಿ ಹೊಸ ಸೋಫಾವನ್ನೂ ಹೀಗೆ ಊದಿದೆ. ಬೀಗತಿಯ ಮುಖ ಸಪ್ಪಗಾಯಿತು; ಪಾಪ, ಬೆಳಿಗ್ಗೆಯಷ್ಟೇ ಒರೆಸಿದ್ದರಂತೆ. ನಾನು ಈಗ ಹೊಸಪೇಟೆಯವಳಾದರೂ ಬಾಳಿದ್ದೆಲ್ಲ ಯಶವಂತನಗರದ ಗಣಿ ಕಾಲೋನಿಯಲ್ಲಿ, ಇದು ಅಲ್ಲಿಯ ರೋಗ, ನಿಮ್ಮ ಮನೆಯ ದೋಷವಲ್ಲ ಎಂದು ಸಮಾಧಾನ ಹೇಳಬೇಕಾಯಿತು.

ನಮ್ಮವರು ಗಣಿಯಲ್ಲಿ ಲಾರಿಗಳಿಗೆ ಅದಿರು ತುಂಬಿಸುವ ಮೇಲ್ವಿಚಾರಕರಾಗಿದ್ದರು. ಮದುವೆಯಾಗಿ ಅದಿರಿನ ಧೂಳು ಮೆತ್ತಿದ ಆ ಕೆಂಪು ಊರಿಗೆ ಹೋದಾಗ ಅತ್ತೆ ಮೊದಲು ಕಲಿಸಿದ್ದು ಅಡುಗೆಯಲ್ಲ, ಊದುವುದು. ತಟ್ಟೆ ಊದಿ ಬಡಿಸು, ಲೋಟ ಊದಿ ನೀರು ಹಾಕು, ದಿಂಬು ಊದಿ ತಲೆ ಇಡು. ದೇವರನ್ನು ಮಾತ್ರ ಊದುವಂತಿಲ್ಲ, ಎಂಜಲ ಗಾಳಿ ತಾಕುತ್ತದೆ. ಲಿಂಗಕ್ಕೆ ಬಟ್ಟೆ, ಮಿಕ್ಕಿದ್ದಕ್ಕೆಲ್ಲ ಉಸಿರು. ದೇಹದಲ್ಲಿ ಪ್ರಾಣ, ಅಪಾನ ಎಂದು ಐದು ಬಗೆಯ ವಾಯುಗಳಿವೆ ಎನ್ನುತ್ತದೆ ಶಾಸ್ತ್ರ. ಅದನ್ನು ಬರೆದವರು ಯಶವಂತನಗರಕ್ಕೆ ಬಂದಿರಲಿಲ್ಲ. ಬಂದಿದ್ದರೆ ಊದುವ ವಾಯುವನ್ನು ಆರನೆಯದಾಗಿ ಸೇರಿಸುತ್ತಿದ್ದರು.

ಆ ಆರನೆಯ ವಾಯುವಿನಲ್ಲಿ ನಮ್ಮವರದು ಎತ್ತಿದ ಕೈ. ನಿಂತಲ್ಲೇ ಒಂದು ಸಲ ಊದಿದರೆ ಇಡೀ ಬೆಂಚು ಸ್ವಚ್ಛ. ಕಾಲೋನಿಯ ಮಕ್ಕಳು ಅದನ್ನು ನೋಡಲೆಂದೇ ಸುತ್ತ ನಿಲ್ಲುತ್ತಿದ್ದವು. ಅವರು ಊದದೆ ಕೂತದ್ದನ್ನು ನಾನಂತೂ ಕಂಡವಳಲ್ಲ.

ಇಷ್ಟು ಊದಿದರೂ ಧೂಳು ಹೇಳದೆ ಕೇಳದೆ ಅವರೊಳಗೇ ಹೋಗಿ ಕೂತಿತ್ತು. ನಿವೃತ್ತಿಯಾಗಿ ಹೊಸಪೇಟೆಗೆ ಬರುವ ಹೊತ್ತಿಗೆ ಕೆಮ್ಮು ಜೊತೆಗೇ ಬಂತು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದಕ್ಕೆ ಔಷಧಿಗಿಂತ ಗಾಳಿ ಮುಖ್ಯ. ಒಳ್ಳೆ ಗಾಳಿ ಇರೋ ಕಡೆ ಸ್ವಲ್ಪ ದಿನ ಇಟ್ಟು ನೋಡಿ. ಉಸಿರು ಹಗುರ ಆದರೆ ಊರು ಬಿಟ್ಟುಬಿಡಿ" ಎಂದರು. ಆಗದಿದ್ದರೆ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಮಾತ್ರೆಯ ಚೀಟಿ ಬರೆಯತೊಡಗಿದರು.

ಕಂಪ್ಲಿಯಲ್ಲಿ ನನ್ನ ತಮ್ಮನಿದ್ದಾನೆ. ಕಾಲುವೆ ನೀರು, ಎರಡು ಬೆಳೆ ಭತ್ತ, ರೈಸ್ ಮಿಲ್ಲು. ಯಾವ ಕಷ್ಟಕ್ಕೂ ಕಾರು ಹೊರಡಿಸುವುದೇ ಪರಿಹಾರ ಎಂದು ನಂಬಿದವನು. ಸಂಡೂರಿನ ಆಚೆ ಕಾಡಿನೊಳಗೆ ಹೊಸ ಬಗೆಯ ಹೋಟೆಲೊಂದು ಆಗಿದೆ, ಗಿಡ ಕಡಿಯದೆ, ಸಿಮೆಂಟು ಮುಟ್ಟದೆ ಕಟ್ಟಿದ್ದಾರೆ ಎಂದು ಅವನಿಗೆ ಯಾರೋ ಹೇಳಿದ್ದರು. "ಅಕ್ಕಾ, ನೀ ಸುಮ್ನ ಕಾರು ಹತ್ತು. ಬಾವಾರು ಕಾಡಿನ ಗಾಳಿ ಕುಡುದು ಮಸ್ತ್ ಆಗಿ ಬರ್ತಾರ" ಎಂದು ನಮ್ಮನ್ನು ಅಲ್ಲಿ ಇಳಿಸಿ ಹೋದ.

ಇಳಿದು ನೋಡಿದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಕರೆಂಟಿಲ್ಲ, ಸೋಪಿನ ಬದಲು ಕಡಲೆಹಿಟ್ಟು, ಪೇಸ್ಟಿನ ಬದಲು ಬೇವಿನ ಕಡ್ಡಿ, ಊಟಕ್ಕೆ ಮುತ್ತುಗದ ಎಲೆ. ಮೈಸೂರು ಕಡೆಯ ಮ್ಯಾನೇಜರು ಕೆಮ್ಮಣ್ಣು ಬಳಿದ ಗೋಡೆಯನ್ನು ಸವರುತ್ತ, "ಎಲ್ಲಾ ನ್ಯಾಚುರಲ್ ಸಾರ್" ಎಂದರು. ಅವರು ಅತ್ತ ಹೋದ ಮೇಲೆ ನಮ್ಮವರು ನನ್ನ ಕಡೆ ತಿರುಗಿ, "ನಮ್ಮವ್ವ ಇಂಥಾ ಮನ್ಯಾಗ ಸಾರ್ಸಿ ಸಾರ್ಸಿ ಸೊಂಟ ಕಳ್ಕಂಡ್ಲು. ಇದು ಹೋಟ್ಲು ಅಂತ ಗೊತ್ತಿದ್ರ ಬಾಗಲಿಗೆ ಬೋರ್ಡ್ ಹಾಕ್ತಿದ್ಲು ನೋಡು" ಎಂದರು. ನಕ್ಕರು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಕಾಡು ಮಾತ್ರ ಕಾಡೇ. ಮಳೆಗಾಲ ಈಗಷ್ಟೇ ಮುಗಿದು ಗುಡ್ಡವೆಲ್ಲ ಹಸಿರಾಗಿತ್ತು. ಎಲೆಗಳು ನಿಜಕ್ಕೂ ಎಲೆಯ ಬಣ್ಣದಲ್ಲಿದ್ದವು; ಕೆಂಪು ಎಲೆಗಳನ್ನೇ ನೋಡಿದ ನನಗೆ ಅದು ತುಸು ಅತಿಯಾಗಿಯೇ ಕಂಡಿತು. ಬಂದ ದಿನ ನಮ್ಮವರು ಎಂದಿನಂತೆ ಕಟ್ಟೆ ಊದಿದರು, ಎಲೆ ಊದಿದರು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಊದದೆ ಕೂತಿದ್ದಾರೆ! ಚಹಾ ಬಂತು, ಊದಲಿಲ್ಲ. ಎಲೆ ಹಾಕಿದರು, ಊದಲಿಲ್ಲ. ನನಗೆ ಕುಣಿಯುವುದೊಂದು ಬಾಕಿ. ಆಯುಷ್ಯವಿಡೀ ಧೂಳಿಗೆ ಹೆದರಿ ಊದಿದ ಮನುಷ್ಯ ಊದುವುದನ್ನೇ ಮರೆತರೆ ಗಾಳಿ ಹಿಡಿಸಿತು ಎಂದೇ ಅರ್ಥ ತಾನೆ? ಅವತ್ತೇ ಮ್ಯಾನೇಜರನ್ನು ಹಿಡಿದು ಹತ್ತಿರದ ಹಳ್ಳಿಯಲ್ಲಿ ಬಾಡಿಗೆಗೆ ಮನೆ ಸಿಗುತ್ತದೆಯೇ ಎಂದು ವಿಚಾರಿಸಿದೆ. ಯಾವ ಪಾತ್ರೆ ತರಬೇಕು, ಯಾವುದನ್ನು ತಮ್ಮನ ಮನೆಯಲ್ಲಿಡಬೇಕು ಎಂದು ನಮ್ಮವರ ಮುಂದೆ ಬಾಯಿ ನೋಯುವಷ್ಟು ಮಾತಾಡಿದೆ. ಅವರು ಹೂಂ ಹೂಂ ಎನ್ನುತ್ತ ಕೇಳಿದರು.

ಮಾರನೆಯ ಸಂಜೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ ಬಂದರು. ಗೋಡೆಯ ಕೆಮ್ಮಣ್ಣು ಉದುರಿ ಕಟ್ಟೆಯ ಮೇಲೆಲ್ಲ ಬಿದ್ದಿತ್ತು. ಕೆಂಪು ಕಂಡು ಅವರು ನಿಂತರು.

"ಅದಿರಲ್ಲ ರೀ, ಗ್ವಾಡಿ ಮಣ್ಣು. ಊದಿ ಕುಂದ್ರಿ" ಎಂದೆ.

ಬಗ್ಗಿದರು. ತುಟಿ ಕೂಡಿಸಿ ಊದಿದರು. ಸದ್ದು ಬಂತು, ಮಣ್ಣು ಕದಲಲಿಲ್ಲ. ಕಟ್ಟೆ ಹಿಡಿದುಕೊಂಡು ಇನ್ನೊಮ್ಮೆ ಊದಿದರು. ಆ ಸಲ ಸದ್ದೂ ಬರಲಿಲ್ಲ.

"ನೀನ ಊದು" ಎಂದರು, ನನ್ನ ಕಡೆ ನೋಡದೆ. "ನಿನ್ನೆ ಮುಂಜಾನಿಂದ ನಂಗ ಊದಾಕ ಆಗವಲ್ದು."

"ಹೇಳಬಾರ್ದೇನ್ರಿ?"

"ನೀ ಭಾಳ ಖುಷಿ ಇದ್ದಿ."

ನಾನು ಬಗ್ಗಿ ಊದಿದೆ. ಮಣ್ಣು ಹಾರಿ ಕಣ್ಣಿಗೆ ಬಿತ್ತು. ಅಳುವುದಕ್ಕೆ ಒಂದು ನೆಪವಾಯಿತು.

ಹೊಸಪೇಟೆಗೆ ಮರಳಿದೆವು. ಮುಂದಿನ ಬೇಸಿಗೆಯನ್ನು ಅವರು ದಾಟಲಿಲ್ಲ. ಅಲ್ಲಿಯವರೆಗೆ ಅವರ ಪಾಲಿನದನ್ನೂ ನಾನೇ ಊದಿದೆ: ಕುರ್ಚಿ, ದಿಂಬು, ಔಷಧಿಯ ಚಮಚ. ಕಲಾವಿದರಿಗೆ ಇನ್ನೊಬ್ಬರ ಕೆಲಸ ಒಪ್ಪಿಗೆಯಾಗುವುದುಂಟೆ? ದಿನಾ ತಕರಾರು. ಮಾತಾಡಲು ಉಸಿರು ಸಾಲದಿದ್ದರೂ ಇದೊಂದನ್ನು ಹೇಳುವಷ್ಟು ಹೇಗೋ ಉಳಿಸಿಕೊಳ್ಳುತ್ತಿದ್ದರು. "ನಿನ್ನ ಊದಿನ್ಯಾಗ ದಮ್ಮಿಲ್ಲ. ಮೂಲಿ ಉಳೀತು ನೋಡು." ನಾನು ಸಿಡುಕುತ್ತ ಮೂಲೆಗೆ ಇನ್ನೊಮ್ಮೆ ಊದುತ್ತಿದ್ದೆ. ಅವರಿಗೆ ಉಸಿರು ಕೊಡಲಾಗದಿದ್ದವಳು ಕುರ್ಚಿಯ ಮೂಲೆಗೆ ಕೊಟ್ಟೆ.

ದಾವಣಗೆರೆಯ ಸೋಫಾದ ಸಂಗತಿಯಲ್ಲಿ ಒಂದನ್ನು ಹೇಳದೆ ಬಿಟ್ಟಿದ್ದೆ. ನನ್ನ ಜಾಗ ಊದಿಯಾದ ಮೇಲೆ ಪಕ್ಕದ ಖಾಲಿ ಜಾಗವನ್ನೂ ಊದಿದೆ. ಬೀಗತಿ ಬಾಗಿಲ ಕಡೆ ನೋಡಿ, "ಇನ್ಯಾರಾದ್ರೂ ಬರೋರಿದಾರಾ?" ಎಂದು ಕೇಳಿದರು.

"ಯಾರಿಲ್ರಿ" ಎಂದೆ. "ಮೂಲಿ ಉಳಿದಿತ್ತು."