ಅಮ್ಮಣ್ಣಿ ಇಟ್ಟ ಆರು ಗೆರೆ

ಗಲ್ಫಿನ ಮಿರ್ದಿಫ್ ಬಡಾವಣೆಯ ಪಾರ್ಟಿಗಳಲ್ಲಿ ಶರ್ಮಿಳಾ ಮೇಡಂ ಇದನ್ನು ಈಗಲೂ ತಮಾಷೆಯಾಗಿ ಹೇಳುತ್ತಾರೆ: "ನಮ್ಮ ಅಡುಗೆಯ ಅಮ್ಮಣ್ಣಿ ಉಂಟಲ್ಲ, ಚೀನಾದ ನಾಣ್ಯ ನಂಬಿ ಊರಿಗೆ ಹೋಗದೆ ಕೂತದ್ದು ಮಾರಾಯ್ರೆ!" ಎಲ್ಲರೂ ನಗುತ್ತಾರೆ. ನಗುವವರೆಲ್ಲ ನಮ್ಮವರೇ, ಉಡುಪಿ ಮಂಗಳೂರಿನವರು. ಅವರ ತಟ್ಟೆಗೆ ಬಡಿಸುತ್ತಿರುವವಳು ಅಮ್ಮಣ್ಣಿ.

ಕಾಪುವಿನ ಅಮ್ಮಣ್ಣಿ ಆ ಮನೆಗೆ ಬಂದದ್ದು 2011ರಲ್ಲಿ. ತಾಯಿಯಿಲ್ಲದ ತಂಗಿ ಸುಪ್ರೀತಾಳನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ನಾಲ್ಕು ವರ್ಷ ಕಳೆಯುವಾಗ ಆ ತಂಗಿ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದಳು. "ಅಕ್ಕ, ಒಮ್ಮೆ ಮುಖ ತೋರಿಸಿ ಹೋಗು" ಎಂದಳು ಫೋನಿನಲ್ಲಿ.

ಪಾಸ್‌ಪೋರ್ಟ್ ಮೇಡಂನ ಬೀರುವಿನಲ್ಲಿತ್ತು. "ಮಕ್ಕಳ ಪರೀಕ್ಷೆ ಮುಗೀಲಿ ಅಮ್ಮಣ್ಣಿಯಕ್ಕ. ಈಗಲೇ ಹೋಗುವುದಾದ್ರೆ ವೀಸಾ ಕ್ಯಾನ್ಸಲ್ ಮಾಡಿಯೇ ಹೋಗಿ. ಮತ್ತೆ ತಂಗಿಯ ಮದ್ದಿಗೆ ಎಂತ ಮಾಡ್ತೀರಿ, ನೀವೇ ನೋಡಿ." ಎಷ್ಟು ಮೆತ್ತಗಿನ ಮಾತು! ಕೋಳ ತೊಡಿಸುವಾಗಲೂ ನಮ್ಮವರು ಅಕ್ಕ ಎನ್ನುತ್ತಾರೆ.

ಊರಲ್ಲಾದರೆ ಇಂಥ ಹೊತ್ತಿನಲ್ಲಿ ಜೋಯಿಸರಲ್ಲಿ ಪ್ರಶ್ನೆ ಇಡುತ್ತಾರೆ. ಇಲ್ಲಿ ಇದ್ದವರು ಪಕ್ಕದ ವಿಲ್ಲಾದ ಚೀನೀ ಮುದುಕಿ ಲಿನ್ ಅಜ್ಜಿ. ಮಗನ ಅಂಗಡಿಯಲ್ಲಿ ಕೂತು ಮುರುಕು ಹಿಂದಿ ಕಲಿತವರು. ಅವರ ಪ್ರಶ್ನೆ ಬೇರೆ ರೀತಿ: ಮೂರು ನಾಣ್ಯ ಒಟ್ಟಿಗೆ ಎಸೆಯಬೇಕು, ಬಿದ್ದ ಬಗೆ ನೋಡಿ ಒಂದು ಗೆರೆ, ಇಡಿಯದು ಅಥವಾ ಮುರಿದದ್ದು. ಹೀಗೆ ಆರು ಗೆರೆ ಕೂಡಿದರೆ ಒಂದು ಆಕೃತಿ, ಅದಕ್ಕೊಂದು ಅರ್ಥ. ಅಜ್ಜಿ ನಾಣ್ಯ ಕೊಟ್ಟು, ಗೆರೆಗೆ ಹಿಡಿಸೂಡಿ ಪೊರಕೆಯ ಕಡ್ಡಿ ಸಾಕೆಂದು ಹೇಳಿಕೊಡುವಷ್ಟರಲ್ಲಿ ಒಳಗೆ ಮೊಮ್ಮಗು ಅತ್ತಿತು. ಎದ್ದು ಹೋದರು. ಅಮ್ಮಣ್ಣಿ ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬಳೇ ಎಸೆದು ಕಡ್ಡಿ ಜೋಡಿಸಿದಳು.

ಅಜ್ಜಿ ಬಂದು ನೋಡುವಾಗ ತುದಿಯಲ್ಲಿ ಒಂದು ಇಡೀ ಕಡ್ಡಿ, ಅದರಡಿ ಎಲ್ಲವೂ ಮುರಿದವು. ಮುಖ ಇಳಿಯಿತು. "ಬೋ," ಎಂದು ಆ ಆಕೃತಿಯ ಹೆಸರು ಹೇಳಿದರು. "ಛತ್ ಹೈ, ದೀವಾರ್ ನಹೀ. ಜಾನಾ ನಹೀ, ಅಮ್ಮಣ್ಣಿ." ಮಾಡು ಒಂದೇ ಉಳಿದು ಗೋಡೆ ಜರಿಯುತ್ತಿರುವ ಮನೆ, ಎಲ್ಲಿಗೂ ಹೊರಡುವ ಕಾಲವಲ್ಲ.

ಅಮ್ಮಣ್ಣಿ ಉಳಿದಳು. ಪರೀಕ್ಷೆ ಮುಗಿಯುವ ಮೊದಲೇ ಸುಪ್ರೀತಾ ಮುಗಿದಳು. ಚಿತೆಯ ವಿಡಿಯೋ ವಾಟ್ಸ್ಯಾಪಿನಲ್ಲಿ ಬಂತು; ಮಕ್ಕಳ ಟಿಫಿನ್ ಕಟ್ಟಿದ ಮೇಲೆ ನೋಡಿದಳು.

ತಂಗಿ ಸಿಟ್ಟಿನಲ್ಲಿ ಹೋದಳೋ ಎಂದು ಕೇಳಲು ಮತ್ತೆ ಅಜ್ಜಿಯಲ್ಲಿಗೆ ಹೋದಳು. ಈ ಸಲ ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಅಮ್ಮಣ್ಣಿ ಎರಡನೇ ಕಡ್ಡಿಯನ್ನು ಮೊದಲಿನದರ ಕೆಳಗೆ ಇಡಹೋದದ್ದೇ, ಅವಳ ಕೈ ಹಿಡಿದುಬಿಟ್ಟರು.

"ಉಸ್ ದಿನ್ ಭೀ ಐಸಾ ರಖಾ?" ಅಂದೂ ಹೀಗೇ ಇಟ್ಟದ್ದಾ ಎಂದು ಕೇಳಿದರು.

"ಹಾಂ. ಬರೆಯುವ ಹಾಗೆ, ಮೇಲಿಂದ."

ಗೆರೆಗಳು ಏಳುವುದು ಕೆಳಗಿನಿಂದ, ಅಡಿಪಾಯದಿಂದ ಮನೆ ಏಳುವಂತೆ. ಅಜ್ಜಿಗೆ ಇದು ಹೇಳಬೇಕಾದ ಸಂಗತಿಯೆಂದೇ ಹೊಳೆದಿರಲಿಲ್ಲ. ಅಂದಿನ ಆಕೃತಿಯನ್ನೇ ಮತ್ತೆ ಕಡ್ಡಿಯಲ್ಲಿ ಜೋಡಿಸಿ ತಲೆಕೆಳಗೆ ಮಾಡಿದರು: ಇಡಿಯದು ಈಗ ಅಡಿಯಲ್ಲಿ. "ಫು," ಎಂದರು. ಮರಳುವುದು ಎಂದರ್ಥ. ಹೋಗಿ ಬರಬಹುದು, ಕೇಡಿಲ್ಲ. ಇಬ್ಬರು ಹೆಂಗಸರೂ ಆ ಮೆಟ್ಟಿಲ ಮೇಲೆ ಅತ್ತರು.

ಮೂಢನಂಬಿಕೆ ಅನ್ನಿ, ಒಪ್ಪಿದೆ. ಆದರೆ ಸಾಯುತ್ತಿರುವ ತಂಗಿಯನ್ನು ನೋಡಲು ಇವಳು ನಾಣ್ಯವನ್ನು ಕೇಳುವ ಹಾಗೆ ಮಾಡಿದ ಬೀರು ಯಾರದು? ಆ ಪಾರ್ಟಿಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ.

ಪರೀಕ್ಷೆ ಮುಗಿದ ದಿನ ಮೇಡಂ ತಾವಾಗಿಯೇ ಪಾಸ್‌ಪೋರ್ಟ್ ತಂದು ಅಡುಗೆಕಟ್ಟೆಯ ಮೇಲಿಟ್ಟರು. "ಯಲ್ಲಾ, ಹೊರಡಿ, ಹೋಗಿ ಬನ್ನಿ ಅಮ್ಮಣ್ಣಿಯಕ್ಕ. ನಾನು ಮಾತಿಗೆ ತಪ್ಪುವವಳಲ್ಲ."

ಅಮ್ಮಣ್ಣಿ ಒದ್ದೆ ಕೈ ಸೆರಗಿಗೆ ಒರೆಸಿ ಅದನ್ನು ಹಿಂದಕ್ಕೆ ಸರಿಸಿದಳು.

"ಒಳಗೇ ಇಡಿ ಮೇಡಂ. ಇನ್ನು ಯಾರನ್ನು ನೋಡ್ಲಿಕ್ಕೆ?"