ಅಂಗೈ ಹಗುರಾದ ಮೂರು ದಿನ

ನಮ್ಮ ಅತ್ತೆಯ ಪೂಜೆ ಹಾಲು ಕಾಯುವಷ್ಟರಲ್ಲಿ ಮುಗಿಯುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದು ಮಣೆಯ ಮೇಲೆ ಕೂತು, ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಒಂದು ಪತ್ರೆ ಏರಿಸಿ ಕಣ್ಣು ಮುಚ್ಚುವರು. ಅದರ ನಡುವೆಯೇ "ಲೇ, ಬೆಕ್ಕು ಬಂತು ನೋಡೇ" ಎಂದು ನನ್ನನ್ನು ಎಚ್ಚರಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಪಕ್ಕದಲ್ಲಿ ಕೂತು ಒಂದು ಗಂಟೆ ಧ್ಯಾನ ಮಾಡುವವಳು ನಾನು, ಆದರೆ ಬೆಕ್ಕು ಬಂದದ್ದು ನನಗೆ ಅವರಿಗಿಂತ ಮೊದಲೇ ಕೇಳಿಸಿರುತ್ತಿತ್ತು.

ಆಗ ಮಹಾರಾಜರ ಕಾಲ. ಕೊರಟಗೆರೆ ಪೇಟೆಯಲ್ಲಿ ನಮ್ಮದು ಹುಣಸೆಹಣ್ಣು, ಕಡಲೆಕಾಯಿ ವ್ಯಾಪಾರ. ಮನೆಯಲ್ಲಿ ಯಜಮಾನರು, ಅತ್ತೆ, ನಾನು, ಮೂರೇ ಜನ. ಲಿಂಗಪೂಜೆ ನನಗೆ ತವರಿನಿಂದಲೇ ಬಂದ ಅಭ್ಯಾಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಜ್ವರ ಬಂದ ದಿನವೂ ಬಿಟ್ಟವಳಲ್ಲ. ಪೂಜೆಯಾಗದೆ ತೊಟ್ಟು ನೀರು ಕುಡಿಯಬಾರದು, ಲಿಂಗ ಮೈಯಿಂದ ದೂರವಾದರೆ ಅದು ಮರಳಿ ಕೈಸೇರುವವರೆಗೆ ಅನ್ನನೀರು ಮುಟ್ಟಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅದನ್ನೆಲ್ಲ ನಾನು ಪಾಲಿಸುತ್ತಿದ್ದೆ. ನನ್ನನ್ನು ಕೊರೆಯುತ್ತಿದ್ದದ್ದು ಬೇರೆಯೇ ಒಂದು ಪ್ರಶ್ನೆ. ಕೂತು ಕೂತು ಮನಸ್ಸು ಒಂದಿಷ್ಟು ನಿಲ್ಲುತ್ತದೆ, ಸರಿ. ನಿಂತ ಮೇಲೆ ಮುಂದೇನು?

ಅತ್ತೆಯನ್ನೇ ಒಮ್ಮೆ ಕೇಳಿದೆ. "ಮುಂದೇನು ಬಂತು ಕಣಮ್ಮ, ಎದ್ದು ಮುದ್ದೆಗೆ ಎಸರಿಡೋದು" ಎಂದರು.

ಇವರಿಗೆ ಏನೂ ಗೊತ್ತಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಅಷ್ಟರಲ್ಲಿ ಸಿದ್ದರಬೆಟ್ಟದ ಗವಿಯೊಂದರಲ್ಲಿ ಒಬ್ಬ ಸ್ವಾಮಿಗಳು ಬಂದು ನೆಲೆಸಿದ್ದಾರೆ, ರೆಪ್ಪೆ ಬಡಿಯದೆ ಲಿಂಗ ನೋಡುವ ಕ್ರಮ ಹೇಳಿಕೊಡುತ್ತಾರೆ ಎಂಬ ಸುದ್ದಿ ಬಂತು. ಆ ಕಡೆಯ ಹಳ್ಳಿಗಳಿಗೆ ಹುಣಸೆಹಣ್ಣು, ಕಡಲೆಕಾಯಿ ಕೊಳ್ಳಲು ಯಜಮಾನರ ಗಾಡಿ ಹೋಗುತ್ತಲೇ ಇತ್ತು. ದಸರಾ ಕಳೆದ ಮೇಲೆ ಹಟ ಹಿಡಿದು ನಾನೂ ಗಾಡಿ ಹತ್ತಿದೆ.

ಸ್ವಾಮಿಗಳು ವಯಸ್ಸಾದವರು, ಮೆಲುಮಾತಿನವರು. ಮೂರು ಮೆಟ್ಟಿಲು ಎಂದರು. ಮೊದಲನೆಯದು, ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆನ್ನ ಹಿಂದೊಂದು ದೀಪವಿಟ್ಟು, ಕಣ್ಣಲ್ಲಿ ನೀರು ಇಳಿಯುವವರೆಗೆ ರೆಪ್ಪೆ ಮುಚ್ಚದೆ ಲಿಂಗವನ್ನು ನೋಡುವುದು, ನೀರನ್ನು ಒರೆಸಬಾರದು. ಎರಡನೆಯದು, ಕಣ್ಣು ಮುಚ್ಚಿದಾಗ ಒಳಗೆ ಉಳಿಯುವ ಬೆಳಕಿನ ಗುರುತನ್ನು ಉಸಿರಿನ ಜೊತೆ ಹುಬ್ಬುಗಳ ನಡುವಿಗೆ ಎಳೆದುಕೊಳ್ಳುವುದು. ಮೂರನೆಯದನ್ನು ಕೇಳಿದ್ದಕ್ಕೆ "ಮೊದಲೆರಡು ಮಾಡ್ಕೊಂಡು ಬಾ ತಾಯಿ" ಎಂದು ನಕ್ಕರು.

ಮನೆಗೆ ಬಂದವಳೇ ಶುರು ಮಾಡಿದೆ. ನನಗೆ ಯಾವುದನ್ನೂ ಸುಮ್ಮನೆ ನಂಬುವ ಸ್ವಭಾವವಿಲ್ಲ, ಪರೀಕ್ಷೆ ಮಾಡಿಯೇ ಆಗಬೇಕು. ದೀಪವನ್ನು ಎಡಕ್ಕಿಟ್ಟರೆ ಗುರುತು ಎಲ್ಲಿ ಮೂಡುತ್ತದೆ, ಬಲಕ್ಕಿಟ್ಟರೆ ಎಲ್ಲಿ? ಎಣ್ಣೆ ಬದಲಿಸಿದರೆ ಬಣ್ಣ ಬದಲಾಗುತ್ತದೆಯೇ? ಒಂದು ಉಸಿರಿಗೆ ನಿಲ್ಲುತ್ತದೆಯೋ, ಹತ್ತು ಉಸಿರಿಗೋ? ನೀರುಮನೆಯ ಗೋಡೆಗೆ ಇದ್ದಿಲಿನಲ್ಲಿ ಗೀಟು ಹಾಕಿಡುತ್ತಿದ್ದೆ. ಮೊದಮೊದಲು ಕೆಂಪು ಚುಕ್ಕೆ ಕಂಡು ಮಾಯವಾಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಹಳದಿಯ ಉಂಗುರ, ನಡುವೆ ನೀಲಿ. ಆ ನೀಲಿಯೊಳಗೆ ಏನಿದೆ ಎಂದು ಇಣುಕಿ ನೋಡುವ ಆಸೆಯಿಂದಲೇ ನನಗೆ ಬೆಳಗಾಗುತ್ತಿತ್ತು. ಕಣ್ಣು ಮಾತ್ರ ಸದಾ ಕೆಂಪು. "ಈರುಳ್ಳಿ ವ್ಯಾಪಾರ ನಾನು ಮಾಡ್ತಿಲ್ವಲ್ಲೇ" ಎಂದು ಯಜಮಾನರು ಗೇಲಿ ಮಾಡುತ್ತಿದ್ದರು. ಅತ್ತೆ ಗೀಟುಗಳನ್ನು ನೋಡಿ, "ಇದೇನು, ಅಗಸನ ಲೆಕ್ಕವಾ?" ಎಂದು ಕೇಳಿದರು.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಮೂರನೆಯ ಮೆಟ್ಟಿಲಿಗೆಂದು ಮತ್ತೆ ಹೊರಟೆ. ಆ ವಾರ ಅತ್ತೆಯ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಗಿತ್ತು. ಪೂಜೆಯಾದ ಮೇಲೆ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕರಡಿಗೆಯೊಳಗಿಟ್ಟು ಮುಚ್ಚಲು ಅವರಿಗೆ ಆಗುತ್ತಿರಲಿಲ್ಲ, ನಾನೇ ಮಾಡುತ್ತಿದ್ದೆ. ಅಂದು ಬೆಳಿಗ್ಗೆ ಹೊರಗೆ ಗಾಡಿ ಕಟ್ಟಿ ನಿಂತಿತ್ತು. ನನ್ನ ಎರಡು ಕಣ್ಣಲ್ಲೂ ಧಾರಾಕಾರ ನೀರು, ಒರೆಸಬಾರದಲ್ಲ. ಆ ಮಂಜಿನಲ್ಲೇ ಎರಡು ಲಿಂಗವನ್ನೂ ತಟ್ಟೆಯಲ್ಲಿಟ್ಟು, ಒಂದೇ ಬಟ್ಟೆಯಿಂದ ಕತ್ತರಿಸಿದ ಎರಡು ತುಂಡುಗಳಲ್ಲಿ ಸುತ್ತಿ, ಎರಡು ಕರಡಿಗೆಗೆ ಸೇರಿಸಿದೆ. ಅತ್ತೆಯದು ನನ್ನ ಕೊರಳಿಗೆ ಬಂತು, ನನ್ನದು ಅವರ ಕೊರಳಿಗೆ ಹೋಯಿತು.

ನನಗೆ ಗೊತ್ತಾಗಲಿಲ್ಲ. ಗಾಡಿಯಲ್ಲಿ ಕೂತು ಮೂರನೆಯ ಮೆಟ್ಟಿಲು ಏನಿರಬಹುದೆಂದು ಊಹಿಸುತ್ತಾ ಹೋದೆ. ಸಂಜೆ ಬೆಟ್ಟದ ಬುಡದ ಛತ್ರದಲ್ಲಿ ಪೂಜೆಗೆ ಕೂತೆ, ಅದನ್ನೇ ನೋಡಿದೆ. ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿ ಗವಿಯ ತಂಪಿನಲ್ಲಿ ಸ್ವಾಮಿಗಳ ಎದುರು ಕೂತೆ, ಮತ್ತೆ ಅದನ್ನೇ ನೋಡಿದೆ.

ಮೂರನೆಯ ಮೆಟ್ಟಿಲು ವಿಚಿತ್ರವಾಗಿತ್ತು. ಬೆಳಕನ್ನೂ ಬಿಡು, ಉಂಗುರವನ್ನೂ ಬಿಡು, ಕಣ್ಣು ಮುಚ್ಚಿ ಬರೀ ಅಂಗೈಯಲ್ಲಿ ಮನಸ್ಸಿಡು ಎಂದರು ಸ್ವಾಮಿಗಳು. ಮಾಡಿದೆ. ಸ್ವಲ್ಪ ಹೊತ್ತಿಗೆ ಮೈ ಜುಮ್ಮೆಂದಿತು.

"ಏನ್ ತಿಳೀತು ತಾಯಿ?"

"ಹಗುರ ಬುದ್ಧೀ. ಕೈಮೇಲೆ ಲಿಂಗದ ಭಾರವೇ ಇಲ್ಲ. ಹಿಂದೆಂದೂ ಹೀಗಾಗಿರಲಿಲ್ಲ."

ಹೇಗಾದೀತು? ಅತ್ತೆಯ ಲಿಂಗ ನನ್ನದಕ್ಕಿಂತ ಹಗುರ, ಅಷ್ಟೆ. ಆ ಮುದುಕರು ಪಾಪ, ಕಣ್ಣರಳಿಸಿ, "ಇಷ್ಟು ಬೇಗ ಭಾರ ಕಳೆದವರು ಕಡಿಮೆ. ಇನ್ನೊಂದು ದಿನ ಇರು, ಗಟ್ಟಿಯಾಗಲಿ" ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಯಜಮಾನರು ಅಂದೇ ಹೊರಡೋಣವೆಂದರು. "ನಿಮಗೆ ಹುಣಸೆಹಣ್ಣಿನದೇ ಚಿಂತೆ" ಎಂದು ಅವರ ಬಾಯಿ ಮುಚ್ಚಿಸಿ ಉಳಿದುಕೊಂಡೆ. ಆ ಒಂದು ದಿನ ಹೆಚ್ಚಿಗೆ ಉಳಿದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಮೂರನೆಯ ದಿನ ಸಂಜೆ ಮನೆ ಸೇರಿದಾಗ ಒಲೆ ತಣ್ಣಗಿತ್ತು. ಅತ್ತೆ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕೂತಿದ್ದರು. ತುಟಿ ಒಡೆದು ಬಿಳಿಚಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ನನ್ನನ್ನು ಕಂಡದ್ದೇ ಕೈ ಚಾಚಿದರು.

"ಬಂದ್ಯಾ? ಕೊಡವ್ವ, ನಂದು."

"ಏನು ಅತ್ತೆಮ್ಮ?"

"ನನ್ ಲಿಂಗ ಕಣಮ್ಮ. ನಿಂದು ನನ್ ಕೊಳ್ಳಾಗೈತೆ."

ನಾನು ಹೊರಟ ದಿನ ಸಂಜೆ, ದೀಪ ಹಚ್ಚುವ ಮೊದಲೇ ಕತ್ತಲಲ್ಲಿ ಪೂಜೆಗೆ ಕೂತು, ಕಷ್ಟಪಟ್ಟು ಗಂಟು ಬಿಚ್ಚಿ ಅಂಗೈಗೆ ಹಾಕಿಕೊಂಡ ಕೂಡಲೇ ಅವರಿಗೆ ತಿಳಿದಿತ್ತು. ಅಲ್ಲಿಂದ ಎರಡು ದಿನ, ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ ಒಂದು ಹನಿ ನೀರು ಕುಡಿದಿರಲಿಲ್ಲ. ಯಜಮಾನರು ಹೆದರಿ ಗೋಳಾಡಿದರು. "ಯಾರ್ನಾದ್ರೂ ಕಳ್ಸಿ ಹೇಳ್ಬಾರ್ದಿತ್ತಾ ಅವ್ವ? ಅಂಗಡಿ ಆಳು ಓಡ್ಬತ್ತಿದ್ದ."

"ಏನಂತ ಹೇಳಿ ಕಳಿಸ್ಲಿ? ಸೊಸೆ ಲಿಂಗ ಅದಲುಬದಲು ಮಾಡ್ಕೊಂಡು ಹೋಗವ್ಳೆ ಅಂತ್ಲಾ? ಪೇಟೆಯೆಲ್ಲಾ ಆಡ್ಕೊಂಡು ನಗ್ತಿತ್ತು. ಬತ್ತಾಳಲ್ಲ ಅಂತ ಕುಂತ್ಕೊಂಡೆ. ಒಂದಿನ ತಡ ಮಾಡ್ಬುಟ್ಲು."

ನನ್ನ ಕರಡಿಗೆ ಬಿಚ್ಚಿ ಒಳಗಿದ್ದ ಲಿಂಗವನ್ನು ಕೊಟ್ಟೆ. ಅದನ್ನು ಅಂಗೈಗೆ ತೆಗೆದುಕೊಂಡು ಅವರು ನೋಡಲೂ ಇಲ್ಲ, ಬೆರಳು ಮಡಚಿ ಒಂದು ಗಳಿಗೆ ಹಾಗೇ ಹಿಡಿದುಕೊಂಡರು. ನಾನು ತಂಬಿಗೆಯಲ್ಲಿ ನೀರು ತಂದು ಬಾಯಿಗೆ ಹಿಡಿಯಹೋದರೆ ಬೇಡವೆಂದು ತಲೆಯಾಡಿಸಿದರು. ಆ ನೀರನ್ನು ಮೊದಲು ಲಿಂಗಕ್ಕೆ ಎರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಮುಚ್ಚಿದರು. ಎಂದಿನಷ್ಟೇ ಹೊತ್ತು, ಒಂದು ಗಳಿಗೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಕುಡಿದರು. ಗುಟುಕು ಇಳಿಯುವ ಸದ್ದು ಕೇಳಿ ನಾನು ಜೋರಾಗಿ ಅತ್ತುಬಿಟ್ಟೆ.

"ಕತ್ಲಲ್ಲಿ, ನೋಡದೇನೇ ಹೆಂಗ್ ಗೊತ್ತಾಯ್ತು ಅತ್ತೆಮ್ಮ ನಿಮಗೆ?"

"ಹೆಂಗೆ ಅಂದ್ರೆ? ನಂದು ನಂಗೆ ಗೊತ್ತಾಗಾಕಿಲ್ವಾ? ಸುಮ್ನಿರೇ, ಅಳ್ಬ್ಯಾಡ."

ತಮ್ಮ ಕೊರಳಿನಿಂದ ನನ್ನ ಲಿಂಗದ ಗಂಟು ತೆಗೆದು ಕೊಟ್ಟರು. ಬಟ್ಟೆ ಒದ್ದೆಯಾಗಿತ್ತು. ನಾನು ಅದನ್ನೇ ದಿಟ್ಟಿಸುವುದನ್ನು ಕಂಡು, "ಎಲ್ಡೊತ್ತೂ ನೀರು ಎರ್ದಿವ್ನಿ, ಪತ್ರೆ ಇಕ್ಕಿವ್ನಿ. ಅದ್ಯಾಕೆ ಉಪಾಸ ಇರ್ಬೇಕು, ಅದೇನ್ ತಪ್ಪು ಮಾಡೈತೆ?" ಎಂದರು. ತಮ್ಮ ಗಂಟಲು ಒಣಗಿ ಬಿರಿಯುತ್ತಿರುವಾಗ, ಎರಡು ದಿನವೂ ಬೆಳಿಗ್ಗೆ ಸಂಜೆ, ನನ್ನ ಲಿಂಗಕ್ಕೆ ತಮ್ಮ ಕೈಯಿಂದ ನೀರೆರೆದಿದ್ದರು.

ಮೂಲೆಗೆ ಹೋಗಿ ಗಂಟು ಬಿಚ್ಚಿ ನನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಆರು ತಿಂಗಳು ರೆಪ್ಪೆ ಬಡಿಯದೆ ನೋಡಿದ್ದೆ. ಅದರ ಸುತ್ತ ಯಾವ ಬಣ್ಣ ಮೂಡುತ್ತದೆ, ಅದು ಎಷ್ಟು ಉಸಿರಿನವರೆಗೆ ನಿಲ್ಲುತ್ತದೆ, ಎಲ್ಲ ಬಾಯಿಪಾಠವಿತ್ತು. ಈಗ ತಿರುಗಿಸಿ ನೋಡಿದೆ, ಬೆರಳಾಡಿಸಿದೆ, ಕಣ್ಣು ಮುಚ್ಚಿ ಹಿಡಿದೆ. ಕೈಗೆ ಸ್ವಲ್ಪ ಭಾರವೆನಿಸಿತು. ಅದು ನನ್ನದೇ ಎಂದು ನನಗೆ ಗೊತ್ತಿದ್ದದ್ದು, ಇನ್ನೊಂದು ತಮ್ಮದೆಂದು ಅತ್ತೆ ಹೇಳಿದ್ದರಿಂದ ಮಾತ್ರ.