ಗಣಿತ ಕೇಳಿದ ದಿನ ಹೂ ಬೀಳಲಿಲ್ಲ

ಅಮ್ಮನವರನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಹೆಸರಿನಲ್ಲಿ ಒಂದು ಸುಳ್ಳು ಪವಾಡ ಊರೆಲ್ಲ ತಿರುಗುತ್ತಿದೆ. ನಿಜವಾಗಿ ನಡೆದದ್ದನ್ನು ನಾನೇ ಬರೆಯುತ್ತೇನೆ. ಅದು ನಿಮಗೆ ರುಚಿಸದಿದ್ದರೆ ನಾನೇನೂ ಮಾಡುವಂತಿಲ್ಲ.

ಉಪ್ಪಿನ ಸತ್ಯಾಗ್ರಹ ನಡೆದ ಮರುವರ್ಷ, ಜೂನ್ ತಿಂಗಳು. ಶಿರಸಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ನಾಲ್ಕನೆಯ ಇಯತ್ತೆಗೆ ಬಂದಿದ್ದೆ. ಅಲ್ಲಿಂದ ಮುಂದೆ ಹುಡುಗಿಯರು ಗಣಿತ ಬಿಟ್ಟು ಹೊಲಿಗೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಬಹುದು ಎಂದರೆ ತೆಗೆದುಕೊಳ್ಳಲೇಬೇಕು ಎಂದೇ ಎಲ್ಲರೂ ತಿಳಿದಿದ್ದರು. ಉಳಿದ ಹುಡುಗಿಯರು ಆಗಲೇ ಸೂಜಿ ದಾರ ತಂದಿದ್ದರು. ಹೊಲಿಗೆಯವರಿಗೆ ಮುಂದೆ ಹೊಲಿಗೆ ಕಲಿಸುವ ಅಕ್ಕೋರ ಕೆಲಸ, ಇಲ್ಲವೇ ಮದುವೆ. ನನಗೆ ಗಣಿತ ಕಲಿಸುವ ಅಕ್ಕೋರಾಗಬೇಕಿತ್ತು. ಬೀಜಗಣಿತ ಬಿಡಿಸಲು ಕುಳಿತರೆ ನನಗೆ ಹಸಿವೆಯೂ ನೆನಪಾಗುತ್ತಿರಲಿಲ್ಲ. ಅದನ್ನು ಬಿಡು ಎಂದರೆ ಹೇಗೆ ಬಿಡಲಿ?

ಅಪ್ಪಯ್ಯ ವಕೀಲರೊಬ್ಬರ ಗುಮಾಸ್ತರು. ಒಳ್ಳೆಯವರು, ಆದರೆ ಅಣ್ಣನ ಮಾತು ಮೀರುವವರಲ್ಲ. ಆ ಅಣ್ಣ, ಎಂದರೆ ನನ್ನ ದೊಡ್ಡಪ್ಪ, ನಾನು ಗಣಿತವೇ ಬೇಕೆಂದ ಸುದ್ದಿ ಕೇಳಿ ಹೇರೂರಿನಿಂದ ಬಸ್ಸು ಹತ್ತಿ ಬಂದರು. ಕಾಲು ತೊಳೆಯುವ ಮೊದಲೇ ಶುರುಮಾಡಿದರು: “ಗಣಿತ ಕಲ್ತ ಕೂಸಿನ ಯಾರು ಮದ್ವೆ ಆಗ್ತ? ಗಂಡನ ಲೆಕ್ಕ ತಪ್ಪು ಹೇಳಿ ತೋರ್ಸ್ತಾ ಕೂತ್ಗತ್ತು ಅದು!”

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರಿಗೆ ನಮ್ಮ ನಿರ್ಧಾರ ತಿಳಿಸಬೇಕಿತ್ತು. ಅಪ್ಪಯ್ಯನಿಗೆ ದಾರಿ ತೋಚಲಿಲ್ಲ. ದಾರಿ ತೋಚದಿದ್ದಾಗ ನಮ್ಮವರು ಮಾಡುವುದು ಒಂದೇ, ಅಮ್ಮನವರ ಗುಡಿಗೆ ಹೋಗಿ ಪ್ರಸಾದ ಕೇಳುವುದು. ಭಟ್ಟರು ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಮನೆಯ ಹಿರಿಯರು ಕೇಳಿಕೊಳ್ಳುತ್ತಾರೆ. ಬಲದ ಹೂ ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು.

ಅಂದು ಸಂಜೆ ದೊಡ್ಡಪ್ಪನೇ ಕೈಮುಗಿದು ಕೇಳಿದರು: “ಅಮ್ಮಾ, ಕೂಸು ಗಣಿತ ತಗಳದು ನಿಂಗೆ ಒಪ್ಪಿಗೆ ಇದ್ರೆ ಬಲಕ್ಕೆ ಕೊಡು, ಇಲ್ದಿದ್ರೆ ಎಡಕ್ಕೆ ಕೊಡು.”

ನಾನು ಕಣ್ಣು ಮುಚ್ಚಲಿಲ್ಲ. ಬಲದ ಹೂವನ್ನೇ ನೋಡುತ್ತ, ಬೀಳು, ಬೀಳು ಎಂದು ಒಳಗೇ ಗದರಿಸಿದೆ. ಭಟ್ಟರು ಮತ್ತೆ ಮತ್ತೆ ಆರತಿ ಎತ್ತಿದರು. ಯಾವ ಹೂವೂ ಅಲುಗಲಿಲ್ಲ.

“ಇವತ್ತು ಅಮ್ಮ ಕೊಡ್ತಾ ಇಲ್ಲೆ. ಶುಕ್ರವಾರ ಬನ್ನಿ” ಎಂದರು ಭಟ್ಟರು.

“ಶುಕ್ರವಾರ ಎಂತಕ್ಕೆ?” ಎಂದರು ದೊಡ್ಡಪ್ಪ. “ಕೊಟ್ಟಿದ್ದಿಲ್ಲೆ ಅಂದ್ರೆ ಬೇಡ ಹೇಳೇ ಲೆಕ್ಕ. ನಾಳೆ ಹೊಲಿಗೆ ಬರೆಸು, ತಮ್ಮ.”

ಅಪ್ಪಯ್ಯ ತಲೆ ತಗ್ಗಿಸಿದರು. ಆಗ ನನಗೆ ಬಂದ ಸಿಟ್ಟು ದೊಡ್ಡಪ್ಪನ ಮೇಲಲ್ಲ, ದೇವಿಯ ಮೇಲೆ. ಎಡಕ್ಕಾದರೂ ಬೀಳಿಸಬಾರದಿತ್ತೇ? ಬೈದಾದರೂ ಹೇಳಬಾರದಿತ್ತೇ? ಇನ್ನು ನಿನ್ನ ಬಾಗಿಲಿಗೆ ಬರುವುದಿಲ್ಲ ಎಂದು ಅವಳ ಮುಖ ನೋಡಿಯೇ ಮನಸ್ಸಿನಲ್ಲಿ ಹೇಳಿದೆ. ಹೌದು, ಹೇಳಿದೆ. ಅಷ್ಟು ಸಂಕಟವಾಗಿತ್ತು.

ಕಂಬದ ಹಿಂದೆ ನನ್ನ ತಾಯಿ ನಿಂತಿದ್ದಳು. ಅವಳನ್ನು ನಾವು ಆಯಿ ಎನ್ನುತ್ತೇವೆ. ಮದುವೆಯಾಗಿ ಬಂದಂದಿನಿಂದ ಗಂಡನ ಅಣ್ಣನೆದುರು ಒಂದು ಮಾತೂ ಆಡಿದವಳಲ್ಲ. ಅವರಿಗೆ ಬಡಿಸುವಾಗ ಅನ್ನ ಬೇಕೇ ಎಂದು ಕೇಳುವುದನ್ನೂ ನನ್ನಿಂದ ಕೇಳಿಸುತ್ತಿದ್ದಳು. ಅವಳು ಕಂಬ ಬಿಟ್ಟು ಮುಂದೆ ಬಂದಳು.

“ಅಮ್ಮ ಬೇಡ ಹೇಳಿದ್ದಿಲ್ಲೆ ಅಲ್ದ, ಭಾವ? ಅಮ್ಮನೇ ಹೇಳದ್ದೆ ಇದ್ದಿದ್ನ ನಿಂಗ ಎಂತಕ್ಕೆ ಹೇಳ್ತಿ?”

ಆಯಿ ಅಲ್ಲಿಗೇ ನಿಲ್ಲಿಸದೆ ಅಪ್ಪಯ್ಯನ ಕಡೆ ತಿರುಗಿದಳು.

“ಎನಗೆ ಎಂತ ಬೇಕು ಹೇಳಿ ಯಾರೂ ಕೇಳಿದ್ವಿಲ್ಲೆ. ಈ ಕೂಸು ಯಾರೂ ಕೇಳದ್ದೆಯೇ ಹೇಳ್ತಾ ಇದ್ದು. ಅದು ಗಣಿತ ಕಲೀಲಿ.”

ಅಪ್ಪಯ್ಯ ತಲೆ ಎತ್ತಿ ಅಣ್ಣನ ಮುಖ ನೋಡಿದರು. “ಆತು, ಆನು ಗಣಿತನೇ ಬರೆಸ್ತಿ” ಎಂದರು. ದೊಡ್ಡಪ್ಪ ನಮ್ಮಲ್ಲಿ ಊಟ ಮಾಡದೆ ಹೊರಟರು. ಬಹಳ ಕಾಲ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಬೆಳಿಗ್ಗೆ ಶಾಲೆಯಲ್ಲಿ, ಧಾರವಾಡ ಕಡೆಯವರಾದ ಹೆಡ್‌ಮಾಸ್ತರರು ಅಪ್ಪಯ್ಯನಿಗೆ, “ಹುಡುಗ್ಯಾರು ಯಾರೂ ಗಣಿತ ತಗೊಂಡಿಲ್ರಿ. ಇನ್ನೊಮ್ಮೆ ವಿಚಾರ ಮಾಡ್ರಿ” ಎಂದರು.

“ಮಾಡಿ ಆಗಿದೆ ಸರ್” ಎಂದವಳು ನಾನೇ.

ಈಗ ಯಲ್ಲಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಗಂಡು ಇನ್ನೂ ಸಿಕ್ಕಿಲ್ಲ. ಬೇಕಿದ್ದರೆ ಅದಕ್ಕೂ ದೊಡ್ಡಪ್ಪ ಹೂ ಕೇಳಲಿ. ಹೊಲಿಗೆ ಇಷ್ಟವಿದ್ದ ಹುಡುಗಿಯರು ಹೊಲಿಗೆ ಕಲಿಯಲಿ, ನನ್ನದೇನೂ ತಕರಾರಿಲ್ಲ. ಅವರ ಪರವಾಗಿ ಬೇರೆಯವರು ಇಷ್ಟಪಡುವುದು ಬೇಡ.

ಆಯಿ ಮಾತಾಡಿದ ಗಳಿಗೆಯಲ್ಲೇ ಬಲದ ಹೂ ಬಿತ್ತು ಎಂದು ಭಕ್ತರು ಕಥೆ ಕಟ್ಟಿದ್ದಾರೆ. ಬೀಳಲಿಲ್ಲ. ನಾನು ಅಲ್ಲೇ ಇದ್ದೆ. ಹಾಗಾದರೆ ದೇವಿ ಮಾಡಿದ್ದೇನು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಅಂದಿನಿಂದ ಒಂದು ಶುಕ್ರವಾರವೂ ತಪ್ಪದೆ ನಾನು ಅವಳಿಗೆ ಕೈಮುಗಿಯುತ್ತಿದ್ದೇನೆ. ಗಾಳಿ ಬೀಸಿದರೂ ಹೂ ಬೀಳುತ್ತದೆ. ಭಾವನೆದುರು ನಮ್ಮ ಆಯಿಯ ಬಾಯಿ ತೆರೆಸಬೇಕಾದರೆ ದೇವಿಯೇ ಬೇಕು.